ಐನೂರು ಪದದಲ್ಲಿ ಅಜ್ಜಿ

ಹೋದ ವಾರ ಪೂರ್ತಿ ನನಗೆ ಒಂದೇ ಕೆಲಸ: ನಮ್ಮ ಮನೆಗೆಲಸಕ್ಕೆ ಬರುವವರ ಮಗಳ ಸ್ಕಾಲರ್‌ಶಿಪ್ ಅರ್ಜಿ. ನಾವಿರುವುದು ನೈಜೀರಿಯಾದ ಪೋರ್ಟ್ ಹಾರ್ಕೋರ್ಟಿನಲ್ಲಿ, ನಮ್ಮವರಿಗೆ ಪಕ್ಕದ ಎಲೆಮೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಎಲೆಮೆ, ಟಾಯ್, ಗೊಕಾನಾ, ಖಾನಾ ಈ ನಾಲ್ಕು ಸೇರಿದರೆ ಒಗೋನಿ ಜನರ ನಾಡು. ಈ ಸ್ಕಾಲರ್‌ಶಿಪ್ ಒಗೋನಿ ಹುಡುಗಿಯರಿಗೆ ಮಾತ್ರ. ಹುಡುಗಿ ಜ್ಯಾಂಬ್, ಅಂದರೆ ಯೂನಿವರ್ಸಿಟಿ ಪ್ರವೇಶ ಪರೀಕ್ಷೆ ಪಾಸು, ಸೀಟೂ ಸಿಕ್ಕಿದೆ. ಫೀಸಿಗೆ ದುಡ್ಡಿಲ್ಲ.

ಒಗೋನಿ ಅಂತ ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಬೇಕು. ಇಲ್ಲಿ ಸ್ವಂತ ಊರು ಅಂದರೆ ಅಪ್ಪನ ಊರು. ಇವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಆದರೂ ಗೊಕಾನಾದ ಬೋಡೋಗೆ ಹೋಗಿ, ಊರ ಮುಖ್ಯಸ್ಥರ ಸಹಿ ಹಾಕಿಸಿ, ಆಮೇಲೆ ಲೋಕಲ್ ಗವರ್ನಮೆಂಟ್ ಕಚೇರಿಯಿಂದ ಪತ್ರ ತರಬೇಕಾಯಿತು. ಮೊದಲ ಸಲ ಸಹಿ ಹಾಕುವವರೇ ಇರಲಿಲ್ಲ. ನಾಡಕಚೇರಿ ಮುಂದೆ ಜಾತಿ, ಆದಾಯ ಸರ್ಟಿಫಿಕೇಟಿಗೆ ಕಾದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆಮೇಲೆ ಪ್ರಬಂಧ. 'ಎಣ್ಣೆಯಿಂದ ನಿಮ್ಮ ಊರಿಗೆ ಏನಾಗಿದೆ?', ಐನೂರು ಪದ. ಎಣ್ಣೆ ಅಂದರೆ ಇಲ್ಲಿ ನೆಲದಿಂದ ತೆಗೆಯುವ ಕಚ್ಚಾ ಎಣ್ಣೆ. ಫೀಸು ಕೇಳುವ ಮಗು ಮೊದಲು ಅತ್ತು ತೋರಿಸಬೇಕು ಅನ್ನುವ ಹಾಗಿತ್ತು, ನನಗಂತೂ ಸರಿ ಕಾಣಲಿಲ್ಲ. ಆದರೂ ಗೊತ್ತಿದ್ದದ್ದನ್ನೆಲ್ಲ ಸುರಿದೆ. 1958ರಲ್ಲಿ ಒಗೋನಿ ನೆಲದಲ್ಲಿ ಎಣ್ಣೆ ಸಿಕ್ಕಿದ್ದು, 1993ರ ಜನವರಿ 4ರಂದು ಎಣ್ಣೆ ಕಂಪನಿಯ ವಿರುದ್ಧ ಲಕ್ಷಗಟ್ಟಲೆ ಜನ ಬೀದಿಗಿಳಿದದ್ದು, 1995ರ ನವೆಂಬರ್ 10ರಂದು ಮಿಲಿಟರಿ ಸರ್ಕಾರ ಒಗೋನಿ ಹೋರಾಟದ ನಾಯಕ, ಲೇಖಕ ಕೆನ್ ಸಾರೊ-ವಿವಾ ಮತ್ತು ಇನ್ನೆಂಟು ಮಂದಿಯನ್ನು ಗಲ್ಲಿಗೇರಿಸಿದ್ದು. ಎಲೆಮೆಯ ಒಂದು ಊರಿನ ಬಾವಿ ನೀರಿನಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಜಾಸ್ತಿ ಇದೆ ಅಂತ 2011ರಲ್ಲಿ ವಿಶ್ವಸಂಸ್ಥೆ ವರದಿ ಕೊಟ್ಟದ್ದು.

ಎಲ್ಲ ಕೇಳಿ ಹುಡುಗಿ, "ಆಂಟಿ, ಇದನ್ನ ಎಲ್ಲರೂ ಬರೀತಾರೆ. ನಾನು ಅಜ್ಜಿ ಬಗ್ಗೆ ಬರೀತೀನಿ" ಅಂದಳು.

ಅಜ್ಜಿ ಬೋಡೋದ ಕಾಂಡ್ಲಾ (ಮ್ಯಾಂಗ್ರೋವ್) ಬುಡದ ಕೆಸರಲ್ಲಿ ಪೆರಿವಿಂಕಲ್ ಹೆಕ್ಕಿ ಮಾರುತ್ತಿದ್ದವರು. ಸಣ್ಣ ಬಸವನಹುಳು ಅದು, ನಮ್ಮ ಕರಾವಳಿಯಲ್ಲಿ ಮರುವಾಯಿ ಹೆಕ್ಕುತ್ತಾರಲ್ಲ ಹಾಗೆ. ಇಲ್ಲಿ ಹಳೇ ಪೇಂಟ್ ಡಬ್ಬಿಯೇ ಸಂತೆಯ ಸೇರು, ಹೆಸರೂ 'ಪೇಂಟ್' ಅಂತಲೇ. ಎಷ್ಟು ಪೇಂಟ್ ಮಾರಿದರೆ ಒಂದು ಮಗುವಿನ ಒಂದು ಟರ್ಮಿನ ಫೀಸು ಅಂತ ಅಜ್ಜಿಗೆ ಬಾಯಿಪಾಠ. 2008ರಲ್ಲಿ ಬೋಡೋದ ನೀರಿಗೆ ಪೈಪ್‌ಲೈನಿನಿಂದ ಎರಡು ಸಲ ಎಣ್ಣೆ ಸೋರಿತು, ಕಾಂಡ್ಲಾ ಸತ್ತಿತು. ಕೇಸು ಲಂಡನ್‌ಗೆ ಹೋಗಿ 2015ರಲ್ಲಿ ಊರಿನವರಿಗೆ 5.5 ಕೋಟಿ ಪೌಂಡ್ ಪರಿಹಾರ ಅಂತ ತೀರ್ಮಾನವಾಯಿತು. ಇವಳು ಬರೆದದ್ದರಲ್ಲಿ ಆ ಮೊತ್ತವೇ ಇಲ್ಲ, ಬರೀ ಅಜ್ಜಿಯ ಪೇಂಟ್ ಲೆಕ್ಕ. ಕೊನೆಗೆ ಒಂದು ಸಾಲು, ಫಿಶರೀಸ್ ಓದಬೇಕು ಅಂತ.

ಅಪ್‌ಲೋಡ್ ಅರ್ಧ ಆಗಿತ್ತು, ಕರೆಂಟು ಹೋಯಿತು. ರಾತ್ರಿ ಒಂಬತ್ತಕ್ಕೆ ಕರೆಂಟು ಬಂತು, ನಮ್ಮ ಬೀದಿಯ ಮಕ್ಕಳೆಲ್ಲ "ಅಪ್ ನೇಪಾ!" (ನೇಪಾ ಅಂದರೆ ಇಲ್ಲಿನ ವಿದ್ಯುತ್ ಸಂಸ್ಥೆಯ ಹಳೇ ಹೆಸರು) ಅಂತ ಕೂಗಿದ ಮೇಲೆ ಮತ್ತೆ ಕೂತು ಕಳಿಸಿದೆವು.

ಮರುದಿನ ಅವಳಮ್ಮ ಪೆರಿವಿಂಕಲ್ ಹಾಕಿದ ಸೂಪ್ ತಂದರು. ಚಿಪ್ಪಿಗೆ ಬಾಯಿಟ್ಟು ಹೀರಬೇಕು, ರುಚಿಯಾಗಿತ್ತು. ಊರಿಂದ ತಂದದ್ದಾ ಅಂತ ಸುಮ್ನೆ ಕೇಳಿದೆ.

"ಇಲ್ಲ ಮಾ, ಮಾರ್ಕೆಟ್ಟಿಂದು" ಅಂದರು.