ಮೆಸಿಯಾನ್ ನಮ್ಮ ತಾಳಗಳನ್ನು ಕದ್ದರಾ?

ನನಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವ ಚಟ ಇದೆ. ಇದು ಗೊತ್ತಿರುವ ಕರ್ನಾಟಕ ಸಂಗೀತದ ಮಂದಿ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಅಲ್ರೀ, ಯಾರೋ ಫ್ರೆಂಚ್ ಆರ್ಗನ್ ವಾದಕ, ಮೆಸಿಯಾನ್ ಅಂತೆ, ನಮ್ಮ ತಾಳಗಳನ್ನೇ ಎತ್ತಿಕೊಂಡು ಹೆಸರು ಮಾಡಿದನಂತೆ, ಹೌದಾ?" ಕೆಲವರು ಹೆಮ್ಮೆಯಿಂದ ಕೇಳುತ್ತಾರೆ. ಕೆಲವರು ಸಿಟ್ಟಿನಿಂದ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತು ಇದಕ್ಕೆ ಉತ್ತರ ಹೇಳೋದು ಕಷ್ಟ. ಎಲೆಗೆ ಸಾರು ಬೀಳುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಇದು. ತಾಳಗಳು ನಮ್ಮವೇ, ಆದರೆ ನಾವು ಹಾಡೋಕೆ ಬಳಸುವ ತಾಳಗಳಲ್ಲ. ಇನ್ನು ಅವರು ಅದರಿಂದ ಮಾಡಿದ್ದು ತಾಳವೇ ಅಲ್ಲ.

ದೊಡ್ಡ ಉತ್ತರಕ್ಕೆ ಮೊದಲು ಆ ಮನುಷ್ಯರ ಪರಿಚಯ ಆಗಲಿ. ಒಲಿವಿಯೆ ಮೆಸಿಯಾನ್ ಹುಟ್ಟಿದ್ದು 1908ರ ಡಿಸೆಂಬರ್ 10ರಂದು, ಫ್ರಾನ್ಸಿನ ಅವಿನ್ಯೋನ್‌ನಲ್ಲಿ. ತಂದೆ ಇಂಗ್ಲಿಷ್ ಮೇಷ್ಟ್ರು, ಶೇಕ್ಸ್‌ಪಿಯರ್ ನಾಟಕಗಳನ್ನು ಫ್ರೆಂಚಿಗೆ ತಂದವರು. ತಾಯಿ ಸೆಸಿಲ್ ಸೊವಾಜ್ ಕವಯಿತ್ರಿ. ಮಗ ಹೊಟ್ಟೆಯಲ್ಲಿದ್ದಾಗಲೇ ಅವನನ್ನು ಕುರಿತು ಸಾಲು ಸಾಲು ಪದ್ಯ ಬರೆದಿದ್ದರು. ಹುಡುಗ 1919ರಲ್ಲೇ ಪ್ಯಾರಿಸ್‌ನ ಕನ್ಸರ್ವೇಟರಿ, ಅಂದರೆ ಸಂಗೀತ ಶಾಲೆ, ಸೇರಿದ. ಅಲ್ಲಿ ಆರ್ಗನ್ ಕಲಿಸಿದ್ದು ಮಾರ್ಸೆಲ್ ದ್ಯುಪ್ರೆ, ಸಂಯೋಜನೆ ಕಲಿಸಿದ್ದು ಪೋಲ್ ದ್ಯುಕಾ. ಸಂಗೀತದ ಇತಿಹಾಸ ಹೇಳಿಕೊಟ್ಟ ಮೋರಿಸ್ ಎಮ್ಮಾನ್ಯುಯೆಲ್ ಅವರಿಗೆ ಹಳೆಯ ಗ್ರೀಕ್ ಛಂದಸ್ಸಿನ ಹುಚ್ಚು. ಆ ಹುಚ್ಚು ಶಿಷ್ಯನಿಗೂ ಅಂಟಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1931ರಲ್ಲಿ, 22ನೇ ವಯಸ್ಸಿಗೆ, ಪ್ಯಾರಿಸ್‌ನ ಟ್ರಿನಿಟೆ ಚರ್ಚಿನ ಆರ್ಗನ್ ಅವರ ಕೈಗೆ ಬಂತು. 1992ರ ಏಪ್ರಿಲ್ 27ರಂದು ತೀರಿಕೊಳ್ಳುವವರೆಗೂ ಅದೇ ಕೆಲಸ. ಒಂದೇ ಚರ್ಚು, ಒಂದೇ ವಾದ್ಯ, ಅರವತ್ತು ವರ್ಷ. ಕೆಲಸಕ್ಕೇ ಷಷ್ಟ್ಯಬ್ದಿ ಆಯಿತು! ನಡುವೆ ಯುದ್ಧ, ಸೆರೆವಾಸ, ಮೊದಲ ಹೆಂಡತಿ ಕ್ಲೇರ್ ದೆಲ್ಬೋಸ್ ಅವರ ದೀರ್ಘ ಕಾಯಿಲೆ, 1959ರಲ್ಲಿ ಅವರ ಸಾವು, 1961ರಲ್ಲಿ ಪಿಯಾನೋ ವಾದಕಿ ಇವೊನ್ ಲೊರಿಯೊ ಜೊತೆ ಮದುವೆ, ಎಲ್ಲವೂ ಬಂದು ಹೋದವು. ಟ್ರಿನಿಟೆಯ ಆರ್ಗನ್ ಮಾತ್ರ ಹಾಗೇ ಉಳಿಯಿತು. ಜಗತ್ತಿನ ಹಕ್ಕಿಗಳ ಕೂಗನ್ನೆಲ್ಲ ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡ ಕತೆಯೂ ಇದೆ. ಅದು ಇನ್ನೊಂದು ದಿನಕ್ಕಿರಲಿ.

ಈಗ ತಾಳಕ್ಕೆ ಬರೋಣ. ಮೆಸಿಯಾನ್ ಯಾವ ಮೃದಂಗ ವಿದ್ವಾಂಸರ ಮುಂದೆಯೂ ಕೂತು ಕಲಿತವರಲ್ಲ. ಅವರಿಗೆ ಸಿಕ್ಕಿದ್ದು ಒಂದು ಪಟ್ಟಿ, ಅಷ್ಟೇ. 20ನೇ ಶತಮಾನದ ಶುರುವಿನಲ್ಲಿ ಫ್ರಾನ್ಸಿನಲ್ಲಿ ದೊಡ್ಡದೊಂದು ಸಂಗೀತ ವಿಶ್ವಕೋಶ ಬಂತು. ಅದರಲ್ಲಿ ಭಾರತದ ಸಂಗೀತದ ಮೇಲೆ ಜೋನಿ ಗ್ರೋಸೆ ಎಂಬ ವಿದ್ವಾಂಸರ ಲೇಖನ ಇತ್ತು. ಶಾರ್ಙ್ಗದೇವನ 'ಸಂಗೀತ ರತ್ನಾಕರ'ದಲ್ಲಿ ಬರುವ 120 ದೇಶೀ ತಾಳಗಳನ್ನು ಗ್ರೋಸೆ ಅಲ್ಲಿ ಕೋಷ್ಟಕ ಮಾಡಿ ಕೊಟ್ಟಿದ್ದರು. ಮೆಸಿಯಾನ್ ಅದನ್ನು ನೋಡಿದರು. ಬಹುಶಃ ಆಮೇಲೆ ಪುಸ್ತಕ ಮುಚ್ಚೋಕೆ ಮನಸ್ಸಾಗಲಿಲ್ಲ.

ಶಾರ್ಙ್ಗದೇವ 13ನೇ ಶತಮಾನದವನು, ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದವನು. ದೇವಗಿರಿ ಈಗ ಮಹಾರಾಷ್ಟ್ರದಲ್ಲಿದೆ. ಆದರೆ ಸೇವುಣರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಅವನ ಪುಸ್ತಕಕ್ಕೆ 15ನೇ ಶತಮಾನದಲ್ಲಿ 'ಕಲಾನಿಧಿ' ಎಂಬ ಹೆಸರಾಂತ ವ್ಯಾಖ್ಯಾನ ಬರೆದದ್ದು ವಿಜಯನಗರದ ಕಲ್ಲಿನಾಥ. ಹಾಗಾಗಿ "ನಮ್ಮದು" ಅಂತ ಎದೆ ತಟ್ಟಿಕೊಳ್ಳೋಕೆ ಒಂದಿಷ್ಟು ಜಾಗ ಖಂಡಿತ ಇದೆ.

ಆದರೆ ಒಂದು ಮಾತು. ನಿಮ್ಮ ಮಗಳು ಪಾಠದಲ್ಲಿ ಹಾಕುವ ತಾಳ ಯಾವುದು? ಆದಿ, ರೂಪಕ, ಮಿಶ್ರ ಛಾಪು. ಹೆಚ್ಚೆಂದರೆ ಖಂಡ ಅಟ. ಪುರಂದರದಾಸರ ಕಾಲದಿಂದ ನಮ್ಮ ಸಂಗೀತ ನಿಂತಿರುವುದು ಸುಳಾದಿ ಸಪ್ತ ತಾಳಗಳ ಮೇಲೆ. ಗ್ರೋಸೆ ಪಟ್ಟಿಯಲ್ಲಿರುವ ರಾಗವರ್ಧನ, ಚಂದ್ರಕಲಾ, ಗಜಝಂಪ ಇವೆಲ್ಲ ಅಟ್ಟ ಸೇರಿದ ಹಿತ್ತಾಳೆ ಪಾತ್ರೆಗಳು. ಯಾರೋ ವಿದ್ವಾಂಸರು ಅಪರೂಪಕ್ಕೆ ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಒಂದು ಕಛೇರಿಯಲ್ಲಿ ತೋರಿಸಿ ಮತ್ತೆ ಮೇಲಿಡುತ್ತಾರೆ. ನಾವೇ ಮೇಲಿಟ್ಟು ಮರೆತದ್ದನ್ನು ಇನ್ನೊಬ್ಬರು ಪುಸ್ತಕದಲ್ಲಿ ನೋಡಿ ಬರೆದುಕೊಂಡರೆ ಅದು ಕಳ್ಳತನ ಹೇಗೆ? ಅದೂ ಅಲ್ಲದೆ ಅವರು ಬಚ್ಚಿಡಲಿಲ್ಲ. 1944ರಲ್ಲಿ ತಮ್ಮ ಸಂಗೀತದ ರೀತಿಯನ್ನು ವಿವರಿಸಿ ಬರೆದ ಪುಸ್ತಕದ ಶುರುವಿನಲ್ಲೇ ಶಾರ್ಙ್ಗದೇವನ ಹೆಸರು ಹೇಳಿ, ರಾಗವರ್ಧನ ತಾಳ ಹಿಡಿದು ಪಾಠ ಆರಂಭಿಸುತ್ತಾರೆ.

ಆ ಪಾಠ ನನಗೆ ಭಾರಿ ಇಷ್ಟ. ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ. ದೇಶೀ ತಾಳಗಳಲ್ಲಿ ಲಘು ಒಂದು ಅಳತೆ ಅಂದುಕೊಳ್ಳಿ. ದ್ರುತ ಅದರ ಅರ್ಧ. ಗುರು ಎರಡು, ಪ್ಲುತ ಮೂರು. ಇದರ ಜೊತೆ ವಿರಾಮ ಅಂತ ಒಂದು ಗುರುತಿದೆ. ಅದು ಯಾವುದರ ತಲೆ ಮೇಲೆ ಕೂರುತ್ತದೋ ಅದರ ಕಾಲ ಒಂದೂವರೆ ಪಟ್ಟು ಆಗುತ್ತದೆ. ರಾಗವರ್ಧನ ಎಂದರೆ ದ್ರುತ, ದ್ರುತ ವಿರಾಮ, ದ್ರುತ, ಪ್ಲುತ. ಅಂದರೆ ಅರ್ಧ, ಮುಕ್ಕಾಲು, ಅರ್ಧ, ಕೊನೆಗೆ ಮೂರು.

ಮೆಸಿಯಾನ್ ಇದನ್ನು ತಿರುಗಿಸಿ ಬರೆದರು. ಮೂರನ್ನು ಒಂದು, ಒಂದು, ಒಂದು ಅಂತ ಒಡೆದರು. ಈಗ ನೋಡಿ: ಒಂದು, ಒಂದು, ಒಂದು, ಆಮೇಲೆ ಅರ್ಧ, ಮುಕ್ಕಾಲು, ಅರ್ಧ. ಮೊದಲಿನ ಮೂರನ್ನು ಅರ್ಧ ಮಾಡಿದರೆ ಎರಡನೇ ಭಾಗ ಬರಬೇಕಿತ್ತು. ಬಂದಿದೆ, ಆದರೆ ನಡುವಿನದಕ್ಕೆ ಕಾಲುಭಾಗ ಜಾಸ್ತಿ ಬಿದ್ದಿದೆ. ತರಕಾರಿ ತೂಗಿ ಕೊಟ್ಟ ಮೇಲೆ ಕೊಸರು ಹಾಕಿದ ಹಾಗೆ! ಮೆಸಿಯಾನ್ ಸಂಗೀತದ ಅರ್ಧ ಗುಟ್ಟು ಈ ಕೊಸರಿನಲ್ಲಿದೆ. ನೆಟ್ಟಗೆ ನಡೆಯುವ ಲಯಕ್ಕೆ ಒಂದು ಚೂರು ಸೇರಿಸಿ, ಹೆಜ್ಜೆ ತಪ್ಪಿತೇನೋ ಅನ್ನಿಸುವ ಹಾಗೆ ಮಾಡುತ್ತಾರೆ.

ಇನ್ನರ್ಧ ಗುಟ್ಟೂ ಅಲ್ಲೇ ಇದೆ. ಅರ್ಧ, ಮುಕ್ಕಾಲು, ಅರ್ಧ: ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ವಿಕಟಕವಿ ಇದ್ದ ಹಾಗೆ. ಹಿಂದುಮುಂದು ಮಾಡಿದರೂ ಬದಲಾಗದ ಇಂಥ ಲಯಗಳನ್ನು ಅವರು ಜೀವನವಿಡೀ ಹುಡುಕಿದರು. ಶಾರ್ಙ್ಗದೇವನ ಪಟ್ಟಿಯಲ್ಲಿ ಇವುಗಳ ಪೈಕಿ ಅತಿ ಸರಳವಾದದ್ದು ಧೆಂಕೀ: ಗುರು, ಲಘು, ಗುರು. ಹೈಸ್ಕೂಲಿನಲ್ಲಿ ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದವರಿಗೆ ಇದು ಗೊತ್ತು. 'ರಾಜಭಾ', ನಮ್ಮ ರಗಣ! ಧೆಂಕಿ ಎಂದರೆ ಬಂಗಾಳದ ಕಡೆ ಕಾಲಲ್ಲಿ ತುಳಿದು ಭತ್ತ ಕುಟ್ಟುವ ಸಾಧನ. ಇದೇ ಗುರು-ಲಘು-ಗುರು ಗ್ರೀಕ್ ಛಂದಸ್ಸಿನಲ್ಲೂ ಇದೆ. ಎಮ್ಮಾನ್ಯುಯೆಲ್ ಮೇಷ್ಟ್ರ ಪಾಠ ಈಗ ನೆನಪಿಗೆ ಬಂತಲ್ವಾ? ಆ ಪಾಠ ಕೇಳಿದ್ದ ಕಿವಿಗೆ ಈ ಪಟ್ಟಿ ಪೂರ್ತಿ ಪರದೇಶದ್ದು ಅನ್ನಿಸಿರಲಾರದು.

ಆದರೂ ಅವರು ಮಾಡಿದ್ದು ತಾಳವಲ್ಲ ಅಂತ ಯಾಕೆ ಹೇಳುತ್ತೇನೆ? ನಮಗೆ ತಾಳ ಎಂದರೆ ಸುತ್ತಿ ಬರುವ ಆವರ್ತ. ಕೈ ತಾಳ ಹಾಕುತ್ತಿರುತ್ತದೆ, ಹಾಡು ಅದರ ಮೇಲೆ ಓಡಾಡುತ್ತದೆ, ಎಲ್ಲೆಲ್ಲೋ ಹೋಗಿ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಬಂದು ಸೇರುತ್ತದೆ. ಸೇರಿದಾಗ ತಲೆ ತಾನಾಗಿ ಆಡುತ್ತದೆ. ಮೆಸಿಯಾನ್ ಸಂಗೀತದಲ್ಲಿ ಆ ಕೈಯೇ ಇಲ್ಲ. ಅವರಿಗೆ ರಾಗವರ್ಧನ ಎಂದರೆ ಇಷ್ಟುದ್ದದ ಸ್ವರ, ಆಮೇಲೆ ಇಷ್ಟುದ್ದದ ಸ್ವರ, ಅಷ್ಟೇ. ಮೊದಮೊದಲು ನಾನೂ ತೊಡೆ ಮೇಲೆ ತಾಳ ಹಾಕಿಕೊಂಡು ಕೇಳೋಕೆ ಹೋದೆ. ಎರಡು ನಿಮಿಷದಲ್ಲಿ ಕೈ ಸೋತಿತು.

ಇಲ್ಲಿ ನನ್ನದೇ ಒಂದು ಅಭಿಪ್ರಾಯ ಇದೆ. ಮೆಸಿಯಾನ್ ಆರ್ಗನ್ ವಾದಕರಾಗಿದ್ದರಿಂದಲೇ ಆ ಪಟ್ಟಿ ಅವರಿಗೆ ಅಷ್ಟು ಹಿಡಿಸಿತು. ಮೃದಂಗದಲ್ಲಿ ಪೆಟ್ಟು ಬಿದ್ದ ಕ್ಷಣವೇ ಮುಖ್ಯ. ನಾದ ಕೂಡಲೇ ಆರಿಹೋಗುತ್ತದೆ. ಜೋರಾಗಿ ಹೊಡೆಯಬಹುದು, ಮೆತ್ತಗೆ ಹೊಡೆಯಬಹುದು. ಪೈಪ್ ಆರ್ಗನ್ ಇದಕ್ಕೆ ಪೂರ್ತಿ ಉಲ್ಟಾ. ಹಾರ್ಮೋನಿಯಂನಲ್ಲಿ ಇರುವಂಥ ಮನೆ (ಕೀ) ಒತ್ತಿದರೆ ಪೈಪಿಗೆ ಗಾಳಿ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗುದ್ದಿ ಒತ್ತಿದರೂ ಸದ್ದು ಅಷ್ಟೇ, ಸವರಿ ಒತ್ತಿದರೂ ಅಷ್ಟೇ. ಅಂದಮೇಲೆ ಆ ವಾದ್ಯದಲ್ಲಿ ಲಯ ತೋರಿಸೋಕೆ ಇರುವ ದಾರಿ ಒಂದೇ: ಎಷ್ಟು ಹೊತ್ತು ಹಿಡಿದೆ, ಯಾವಾಗ ಬಿಟ್ಟೆ. ಕಾಗದದ ಮೇಲಿನ ದೇಶೀ ತಾಳವೂ ಅದನ್ನೇ ಹೇಳುತ್ತದೆ. ಪೆಟ್ಟಿನ ಜೋರು ಅಲ್ಲಿಲ್ಲ, ಬರೀ ಕಾಲದ ಉದ್ದ. ಅದನ್ನೇ ನೆಚ್ಚಿಕೊಂಡಿದ್ದವರ ಕೈಗೆ 120 ಬಗೆಯ ಉದ್ದಗಳ ಪಟ್ಟಿ ಸಿಕ್ಕರೆ ಬಿಡುತ್ತಾರೆಯೇ?

ಅವರ ಆರ್ಗನ್ ಕೃತಿಗಳನ್ನು ಕೇಳಿದರೆ ಇದು ಗೊತ್ತಾಗುತ್ತದೆ. 1928ರ 'ಸ್ವರ್ಗದ ಔತಣ' ಎಂಬ ಕೃತಿಯಲ್ಲಿ ಇರುವುದು ಬರೀ 25 ಬಾರ್ (ಸ್ವರಲಿಪಿಯಲ್ಲಿ ಗೆರೆ ಎಳೆದು ಮಾಡಿದ ಮನೆಗಳು). ನುಡಿಸೋಕೆ ಆರೇಳು ನಿಮಿಷ ಹಿಡಿಯುತ್ತದೆ. 1951ರ 'ಆರ್ಗನ್ ಪುಸ್ತಕ'ದ ಕೊನೆಯ ಭಾಗದ ಹೆಸರೇ 'ಅರವತ್ತನಾಲ್ಕು ಕಾಲಗಳು'. ಒಂದು ಪುಟ್ಟ ಮಾತ್ರೆಯಿಂದ ಹಿಡಿದು ಅದರ 64 ಪಟ್ಟಿನವರೆಗೆ ಒಂದೊಂದು ಉದ್ದವನ್ನೂ ಬಳಸುತ್ತಾರೆ. ಅರವತ್ತಮೂರಕ್ಕೂ ಅರವತ್ತನಾಲ್ಕಕ್ಕೂ ಇರುವ ವ್ಯತ್ಯಾಸ ಯಾರ ಕಿವಿಗೆ ತಿಳಿಯುತ್ತದೆ ಸ್ವಾಮಿ? ಇದು ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ. ಟ್ರಿನಿಟೆಗೆ ಪ್ರಾರ್ಥನೆಗೆ ಬರುತ್ತಿದ್ದವರಲ್ಲೂ ಕೆಲವರು ಅವರ ಸಂಗೀತದ ಮೇಲೆ ದೂರು ಹೇಳಿದ್ದುಂಟು. ಅವರ ಮೇಲೆ ನನಗೆ ಸಿಟ್ಟಿಲ್ಲ.

ತಾಳಗಳು ನಿಜವಾಗಿ ಎದೆಗೆ ತಾಕುವುದು ಸೆರೆಶಿಬಿರದಲ್ಲಿ ಮುಗಿಸಿದ ಕೃತಿಯಲ್ಲಿ. 1940ರಲ್ಲಿ ಜರ್ಮನ್ ಸೈನ್ಯ ಅವರನ್ನು ಸೆರೆಹಿಡಿದು ಗೋರ್ಲಿಟ್ಸ್ ಊರಿನ ಶಿಬಿರಕ್ಕೆ ಹಾಕಿತು. ಅಲ್ಲಿ ಇನ್ನೂ ಮೂವರು ವಾದಕರು ಸಿಕ್ಕರು. ಪಿಟೀಲು, ಕ್ಲಾರಿನೆಟ್, ಚೆಲ್ಲೊ. ನಾಲ್ಕನೆಯವರಾಗಿ ಪಿಯಾನೋಗೆ ತಾವೇ ಕೂತರು. 'ಕಾಲದ ಅಂತ್ಯಕ್ಕಾಗಿ' ಎಂಬ ಆ ಕ್ವಾರ್ಟೆಟ್ ಮೊದಲು ನುಡಿದದ್ದು 1941ರ ಜನವರಿ 15ರಂದು, ಶಿಬಿರದೊಳಗೆ, ಕೊರೆಯುವ ಚಳಿಯಲ್ಲಿ. ಐದು ಸಾವಿರ ಜನ ಕೇಳಿದರು, ಚೆಲ್ಲೊಗೆ ಮೂರೇ ತಂತಿ ಇತ್ತು ಅಂತ ಮೆಸಿಯಾನ್ ಆಮೇಲೆ ಹೇಳಿಕೊಳ್ಳುತ್ತಿದ್ದರು. ಚೆಲ್ಲೊ ನುಡಿಸಿದ ಎತಿಯೆನ್ ಪಾಸ್ಕಿಯೆ ಅವರೇ "ನಾಲ್ಕೂ ತಂತಿ ಇತ್ತು" ಅಂದರು. ಜನರೂ ಕೆಲವು ನೂರು ಇದ್ದಿರಬೇಕು. ಇಂಥ ಕತೆಗೆ ಯಾಕೆ ಒಗ್ಗರಣೆ ಹಾಕಿದರೋ. ಹಾಗೇ ಇದ್ದರೂ ಸಾಕಿತ್ತು.

ಅದರ ಮೊದಲ ಭಾಗದಲ್ಲಿ ಪಿಯಾನೋ ಮೂರು ತಾಳಗಳನ್ನು ಜೋಡಿಸಿ ನುಡಿಸುತ್ತದೆ: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. (ಲಕ್ಷ್ಮೀಶ ಅಂದ ಕೂಡಲೇ ನಮಗೆ ಜೈಮಿನಿ ಭಾರತ ನೆನಪಾಗುತ್ತದೆ. ಆ ಕವಿಗೂ ಇದಕ್ಕೂ ಸಂಬಂಧ ಇಲ್ಲ.) ಮೂರೂ ಸೇರಿ 17 ಕಾಲಗಳು. ಅವುಗಳ ಮೇಲೆ 29 ಸ್ವರಮೇಳಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅಂದರೆ ಕಾರ್ಡ್) ಇನ್ನೊಂದು ಸಾಲು ಸುತ್ತುತ್ತದೆ. ಹದಿನೇಳು ಮುಗಿದಾಗ ಇಪ್ಪತ್ತೊಂಬತ್ತು ಮುಗಿದಿರುವುದಿಲ್ಲ. ಸಂಕಷ್ಟಿ ತನ್ನ ಲೆಕ್ಕದಲ್ಲಿ ಬರುತ್ತದೆ, ಮಂಗಳವಾರ ತನ್ನ ಲೆಕ್ಕದಲ್ಲಿ ಬರುತ್ತದೆ, ಎರಡೂ ಕೂಡಿ ಅಂಗಾರಕ ಸಂಕಷ್ಟಿ ಆಗೋಕೆ ಕಾಯಬೇಕಲ್ವಾ? ಹಾಗೆಯೇ. ಇಲ್ಲಿ ಎರಡು ಸಾಲೂ ಒಟ್ಟಿಗೆ ಮೊದಲಿನ ಜಾಗಕ್ಕೆ ಬರೋಕೆ 493 ಹೆಜ್ಜೆ ಬೇಕು. ಅದಕ್ಕೆ ಎಷ್ಟೋ ಮುಂಚೆಯೇ ಸಂಗೀತ ನಿಂತುಬಿಡುತ್ತದೆ. ಬೇಲಿಯೊಳಗೆ ದಿನ ಎಣಿಸುತ್ತಿದ್ದ ಜನರ ಮುಂದೆ, ಎಣಿಸಿ ಮುಗಿಯದ ಲೆಕ್ಕ.

ಇನ್ನು 'ತುರಂಗಲೀಲಾ'. 1949ರ ಡಿಸೆಂಬರ್ 2ರಂದು ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ನಡೆಸಿಕೊಟ್ಟ ಹತ್ತು ಭಾಗಗಳ ಸಿಂಫನಿ. ಆ ಹೆಸರೂ ಶಾರ್ಙ್ಗದೇವನ ಪಟ್ಟಿಯದೇ. ಕುದುರೆಯ ಹಾಗೆ ಓಡುವ ಕಾಲ, ಲೀಲೆ ಎಂದರೆ ಆಟ, ಪ್ರೀತಿ ಅಂತೆಲ್ಲ ಅವರು ಫ್ರೆಂಚರಿಗೆ ಬಿಡಿಸಿ ಹೇಳಬೇಕಾಯಿತು. ನಮಗೆ ಆ ಕಷ್ಟವಿಲ್ಲ. ಆದರೆ ಸಂಸ್ಕೃತದ ಪ್ರತಿ ಹೆಸರಿನಲ್ಲೂ ಗೂಢಾರ್ಥ ಹುಡುಕುವ ಅವರ ಅಭ್ಯಾಸ ನನಗೆ ಹಿಡಿಸುವುದಿಲ್ಲ. ತಾಳದ ಹೆಸರು ಎಷ್ಟೋ ಸಲ ಸುಮ್ನೆ ಒಂದು ಚೆಂದದ ಹೆಸರು.

ಹಾಗಾದರೆ ಎಲ್ಲಿಂದ ಕೇಳೋದು ಅನ್ನುವವರಿಗೆ ಕ್ವಾರ್ಟೆಟ್‌ನ ಮೊದಲ ಭಾಗವೇ ಸರಿ. ಮೂರು ನಿಮಿಷವೂ ಇಲ್ಲ. ಪಿಟೀಲು, ಕ್ಲಾರಿನೆಟ್ ಹಕ್ಕಿಗಳ ಹಾಗೆ ಕೂಗುತ್ತಿರುತ್ತವೆ. ಅವನ್ನು ಬಿಟ್ಟು ಪಿಯಾನೋ ಹಿಂದೆ ಹೋಗಿ. ಧೈರ್ಯ ಇದ್ದರೆ 'ಆರ್ಗನ್ ಪುಸ್ತಕ'ದ ಮೊದಲ ಭಾಗ ಹಾಕಿಕೊಳ್ಳಿ. ಅದರಲ್ಲಿ ಪ್ರತಾಪಶೇಖರ, ಗಜಝಂಪ, ಸಾರಸ ಎಂಬ ಮೂರು ತಾಳಗಳಿವೆ. ಪ್ರತಾಪಶೇಖರ ನನಗೆ ಕಿವಿಯಲ್ಲೇ ಸಿಕ್ಕಿತು: ಉದ್ದದ್ದೊಂದು, ಹಿಂದೆಯೇ ಚಿಕ್ಕವು ಎರಡು. ಉಳಿದೆರಡನ್ನು ಹತ್ತಾರು ಸಲ ಕೇಳಿದರೂ ಹಿಡಿಯೋಕಾಗಿಲ್ಲ. ನಿಮಗೆ ಗಜಝಂಪ ಸಿಕ್ಕರೆ ನನಗೂ ಎಲ್ಲಿದೆ ಅಂತ ಹೇಳಿ.