ಮುಳ್ಳು ತೋರಿಸಿದ ದಾರಿಯಲ್ಲೇ ಚಾಕು ಓಡಲಿ

ನಮ್ಮ ಕರಾವಳಿಯಲ್ಲಿ ಬಂಗುಡೆಯನ್ನು ಫಿಲೆಟ್ ಮಾಡುವವರು, ಅಂದರೆ ಮುಳ್ಳಿನಿಂದ ಮಾಂಸವನ್ನು ಇಡಿಯಾಗಿ ಬಿಡಿಸುವವರು, ಕಡಿಮೆ. ಮೈಮೇಲೆ ಗೀರು ಹಾಕಿ, ಮಸಾಲೆ ಹಚ್ಚಿ ಕಾವಲಿಗೆ ಹಾಕಿದರೆ ಮುಗಿಯಿತು, ಮುಳ್ಳು ಬಿಡಿಸಿಕೊಳ್ಳುವುದು ತಿನ್ನುವವರ ಕೆಲಸ. ಆದರೆ ಮನೆಯಲ್ಲಿ ಸಣ್ಣ ಮಕ್ಕಳು, ಕಣ್ಣು ಮಂಜಾದ ಅಜ್ಜಿ ಇದ್ದರೆ ಮುಳ್ಳಿಲ್ಲದ ತುಂಡು ಬೇಕೇ ಬೇಕು ಅಲ್ವಾ? ಅದಕ್ಕೆ ಅಂಜಲ್ ತಂದು ದುಡ್ಡು ಸುರಿಯಬೇಕಾಗಿಲ್ಲ. ಬಂಗುಡೆ ಸಾಕು.

ಮೊದಲು ಚಾಕು. ಮೊಂಡು ಚಾಕುವೇ ಕೈ ಕುಯ್ಯುವುದು, ಯಾಕೆಂದರೆ ಅದನ್ನು ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಸಾಣೆಕಲ್ಲಿಗೆ ತೀಡಿದ, ತೆಳ್ಳಗೆ ಬಾಗುವ ಚಾಕು ಇರಲಿ. ಮೀನು ಕತ್ತರಿಸಲು ಮೆಟ್ಟುಕತ್ತಿ ಚೆನ್ನಾಗಿದ್ದರೂ ಈ ಕೆಲಸಕ್ಕೆ ಅದು ಬೇಡ. ಮಣೆಯ ಅಡಿಗೆ ಒದ್ದೆ ಬಟ್ಟೆ ಹಾಸಿ, ಮೀನನ್ನೂ ಕೈಯನ್ನೂ ಚೆನ್ನಾಗಿ ಒರೆಸಿಕೊಳ್ಳಿ. ಮೀನು ತಣ್ಣಗಿದ್ದಷ್ಟೂ ಮಾಂಸ ಗಟ್ಟಿ, ಹರಿಯುವುದಿಲ್ಲ.

ಮಾಂಸ ಜಾಸ್ತಿ ಪೋಲಾಗುವುದು ತಲೆಯ ಹತ್ತಿರ. ಸುಮಾರು ಜನ ಕಿವಿರಿನ ಹಿಂದೆ ನೇರ ಕೆಳಗೆ ಕಡಿದುಬಿಡುತ್ತಾರೆ, ಕುತ್ತಿಗೆಯ ದಪ್ಪ ಮಾಂಸವೆಲ್ಲ ತಲೆಯ ಜೊತೆ ಹೋಗುತ್ತದೆ. ಪಕ್ಕದ ರೆಕ್ಕೆಯ ಹಿಂದಿನಿಂದ ಚಾಕುವನ್ನು ತಲೆಯ ಕಡೆಗೆ ಓರೆಯಾಗಿ ಇಳಿಸಿ, ನಡುಮುಳ್ಳು ತಾಗಿದ ಕೂಡಲೇ ನಿಲ್ಲಿಸಿ. ತಲೆ ಬೇರ್ಪಡಿಸಬೇಡಿ, ಹಿಡಿದುಕೊಳ್ಳಲು ಅದು ಬೇಕು.

ಆಮೇಲೆ ಬೆನ್ನಿನ ರೆಕ್ಕೆಯ ಪಕ್ಕದಲ್ಲೇ, ತಲೆಯಿಂದ ಬಾಲದವರೆಗೆ ಚರ್ಮ ಸೀಳುವಷ್ಟು ಗೀರು ಹಾಕಿ. ಮತ್ತೆ ಅದೇ ಗೀರಿನಲ್ಲಿ ಇನ್ನೊಂದು, ಸ್ವಲ್ಪ ಆಳಕ್ಕೆ. ಚಾಕುವಿನ ಅಂಚು ಮುಳ್ಳಿನ ಕಡೆಗೇ ಸ್ವಲ್ಪ ವಾಲಿರಲಿ. ಆಗ ಮುಳ್ಳುಗಳ ಮೇಲೆ ಹಾದುಹೋಗುವಾಗ ಟಕಟಕ ಸದ್ದು ಸಣ್ಣಗೆ ಕೇಳುತ್ತದೆ. ಆ ಸದ್ದು ಬಂದರೆ ನೀವು ಸರಿಯಾದ ಕಡೆ ಇದ್ದೀರಿ, ಸದ್ದೇ ಇಲ್ಲದೆ ಮೆತ್ತಗೆ ಹೋದರೆ ಮಾಂಸ ಮುಳ್ಳಿನ ಮೇಲೇ ಉಳಿಯುತ್ತಿದೆ ಎಂದರ್ಥ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ, ಒಂದೇ ಎಳೆತ. ಹಿಡಿದ ಕೈ ಯಾವಾಗಲೂ ಚಾಕುವಿನ ಹಿಂದೆ ಇರಲಿ, ಮುಂದೆ ಅಲ್ಲ. ಚಾಕು ಕೈಜಾರಿದರೆ ಹಿಡಿಯಲು ಹೋಗದೆ ಕಾಲು ಹಿಂದೆಗೆಯಿರಿ.

ಎರಡನೇ ಪಕ್ಕ ಕಷ್ಟ, ಅಡಿಯಲ್ಲಿ ಮಾಂಸದ ಆಧಾರ ಇರುವುದಿಲ್ಲ. ಬಿಡಿಸಿದ ಮೊದಲ ತುಂಡನ್ನೇ ಅಡಿಗೆ ಇಟ್ಟುಕೊಂಡರೆ ಮೀನು ಅಲುಗಾಡದು.

ತುಂಡಿನ ಮಧ್ಯೆ ಬೆರಳಾಡಿಸಿದರೆ ಸಣ್ಣ ಮುಳ್ಳುಗಳ ಸಾಲು ತಗಲುತ್ತದೆ. ದೊಡ್ಡ ಮೀನಾದರೆ ಚಿಮುಟದಿಂದ ತಲೆಯ ಕಡೆಗೆ ಓರೆಯಾಗಿ ಎಳೆದು ತೆಗೆಯಬಹುದು, ಬಂಗುಡೆಯ ಮೆದು ಮಾಂಸ ಹಾಗೆ ಎಳೆದರೆ ಕಿತ್ತು ಬರುತ್ತದೆ. ಆ ಸಾಲಿನ ಎರಡೂ ಬದಿಗೆ ಗೀರು ಹಾಕಿ ತೆಳು ಪಟ್ಟಿಯನ್ನು ತೆಗೆದುಬಿಡಿ.

ಪಟ್ಟಿ, ತಲೆ, ನಡುಮುಳ್ಳು ಯಾವುದನ್ನೂ ಎಸೆಯಬೇಡಿ ಮಾರಾಯ್ರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ, ಆಗಿನ ಮೀನಿನ ರೇಟು ನಿಮಗೆ ಗೊತ್ತೇ ಇದೆ. ಮುಳ್ಳಿಗೆ ಅಂಟಿದ್ದನ್ನು ಚಮಚದಿಂದ ಕೆರೆದರೆ ಕಟ್ಲೆಟ್‌ಗೆ ಆಗುತ್ತದೆ. ಕಿವಿರು ತೆಗೆದ ತಲೆ ಗಸಿಗೆ. ಮುಳ್ಳನ್ನು ಇಪ್ಪತ್ತು ನಿಮಿಷ ಕುದಿಸಿ ಸೋಸಿದ ನೀರನ್ನೂ ಅದೇ ಗಸಿಗೆ ಹಾಕಿ.

ಇನ್ನೊಂದು ಮಾತು. ನಿಧಾನಕ್ಕೆ ಕಲಿಯುವಾಗ ಉಳಿದ ಮೀನನ್ನು ಸುಮ್ನೆ ಹೊರಗೆ ರಾಶಿ ಹಾಕಬೇಡಿ, ಒಂದೊಂದೇ ಐಸಿನಿಂದ ತೆಗೆಯಿರಿ. ಬಂಗುಡೆ, ಬೂತಾಯಿಯಂಥ ಮೀನು ಸೆಕೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷಕಾರಿ ವಸ್ತು ಹುಟ್ಟುತ್ತದೆ. ಎಷ್ಟು ಹುರಿದರೂ, ಕುದಿಸಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯಲು ಶುರುವಾಗುತ್ತದೆ. ಮೆಣಸು ಹಾಕದ ತುಂಡೂ ನಾಲಗೆಗೆ ಚುರುಕ್ ಅಂದರೆ ಅಲ್ಲೇ ಉಗಿಯಿರಿ, ಮಕ್ಕಳ ತಟ್ಟೆಯಿಂದಲೂ ತೆಗೆಯಿರಿ.