ಭೂಮಿತಾಯಿಗೆ ಬಯಕೆ ಊಟ

ದಸರಾ ಮುಗಿದು ಐದು ದಿನಕ್ಕೆ ಭೂಮಿ ಹುಣ್ಣಿಮೆ. ಸೀಗೆ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಗದ್ದೆ ಇರುವ ಮನೆಗಳಲ್ಲಿ ಆ ರಾತ್ರಿ ಒಲೆ ಆರುವುದೇ ಇಲ್ಲ. ಬಗೆಬಗೆಯ ಸೊಪ್ಪು, ಅಮಟೆಕಾಯಿ, ಹೀರೆಕಾಯಿ, ಕಡುಬು ಎಲ್ಲ ಬೇಯುತ್ತಿರುತ್ತವೆ. ಮೂಲೆಯಲ್ಲಿ ಭೂಮಣ್ಣಿ ಬುಟ್ಟಿ ಕಾಯುತ್ತಿರುತ್ತದೆ. ಬಿದಿರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ ಗೆರೆಯಲ್ಲಿ ಚಿತ್ತಾರ ಬರೆದಿರುತ್ತಾರೆ. ದೀವರು ಸಮುದಾಯದ ಹೆಣ್ಣುಮಕ್ಕಳ ಕೈಯಲ್ಲಿ ಆ ಗೆರೆ ಎಷ್ಟು ಸಣ್ಣ, ಎಷ್ಟು ನೇರ! ನೋಡಿಯೇ ನಂಬಬೇಕು.

ಬೆಳಕು ಹರಿಯುವ ಹೊತ್ತಿಗೆ ಬುಟ್ಟಿ ತಲೆಯ ಮೇಲೆ ಹೊತ್ತು ಗದ್ದೆಗೆ ಹೊರಡುವುದು. ಭತ್ತದ ಸಸಿಗೆ ಪೂಜೆ ಮಾಡಿ, ಎಡೆ ಇಟ್ಟು, ಆ ಅಡುಗೆಯನ್ನೇ ಗದ್ದೆ ತುಂಬ ಚರಗ ಅಂತ ಚೆಲ್ಲುತ್ತಾರೆ. ಕಾಗೆಗೂ ಒಂದು ಪಾಲು, ಇಲಿಗೂ ಒಂದು ಪಾಲು.

ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ, "ಭತ್ತ ಇನ್ನೂ ಮನೆಗೇ ಬಂದಿಲ್ವಲ್ಲ ಅಜ್ಜಿ, ಈಗಲೇ ಯಾಕೆ ಪೂಜೆ?"

"ಬಸುರಿಗೆ ಹೆರಿಗೆ ಆದ್ಮೇಲೆ ಬಯಕೆ ಊಟ ಹಾಕ್ತಾರೇನೇ?" ಅಂದಿದ್ದರು ಅಜ್ಜಿ.

ಭತ್ತದ ಹೊಡೆ, ಅಂದರೆ ಇನ್ನೂ ಹೊರಬರದ ತೆನೆ, ತುಂಬುವ ಕಾಲ ಅದು. ಭೂಮಿತಾಯಿ ತುಂಬಿದ ಬಸುರಿ. ಆಮೇಲೆ ಮಳೆ ಬಂದು ಪೈರು ಮಲಗಬಹುದು, ಹಂದಿ ನುಗ್ಗಬಹುದು. ಆದರೂ ಆ ಊಟ ಅವಳಿಗೆ ಸಲ್ಲಬೇಕು. ಬೆಳೆ ಎಷ್ಟು ಬರುತ್ತದೆ ಅಂತ ನೋಡಿಕೊಂಡು ಬಡಿಸುವ ಎಡೆಯಲ್ಲ ಅದು.

ಈಗ ಬೆಂಗಳೂರಿನಲ್ಲಿದ್ದೇನೆ. ಇಲ್ಲಿ ಗದ್ದೆ ಇಲ್ಲ. ಬೆಳಿಗ್ಗೆ ಏಳುವಾಗ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಮಾತ್ರ ಬಿಟ್ಟಿಲ್ಲ. ಅಕ್ಕಿ ಅಳೆಯುವಾಗ ಅಜ್ಜಿಯ ಮಾತು ನೆನಪಾಗುತ್ತದೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನಿಗೆ ಮೊದಲೆಲ್ಲ ದೀಪಾವಳಿ ದಿನ ಸೀರೆ, ದುಡ್ಡು ಕೊಡುತ್ತಿದ್ದೆವು. ಅವರು ಮಕ್ಕಳಿಗೆ ಬಟ್ಟೆ ತರುವುದು ಹಬ್ಬಕ್ಕೆ ಮುಂಚೆ ಅಲ್ವಾ? ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ಈಗ ಭೂಮಿ ಹುಣ್ಣಿಮೆ ದಿನವೇ ಕೊಡುತ್ತೇವೆ. ಹದಿನೈದು ದಿನ ಮೊದಲು. ಹೋದ ವರ್ಷ ಅದನ್ನು ಕೈಗೆ ತಗೊಂಡಾಗ ಅವರ ಮುಖ ನೋಡಬೇಕಿತ್ತು.

ಆ ದಿನ ಬೆಳಗಿನ ಜಾವ ಊರಿಂದ ತಮ್ಮ ಫೋನ್ ಮಾಡುತ್ತಾನೆ. ಗದ್ದೆಯ ಬದುವಿನ ಮೇಲೆ ನಿಂತು ಮಾತಾಡುತ್ತಾನೆ. ಹಿಂದೆ ಚರಗ ಚೆಲ್ಲುವವರ ಕೂಗು ಕೇಳುತ್ತಿರುತ್ತದೆ.

"ಎಲ್ಲ ಬಡಿಸಿದ್ರೇನೋ?" ಅಂತ ಕೇಳುತ್ತೇನೆ.

"ಇಲಿ ಪಾಲು ಒಂದು ಬಾಕಿ ಇದೆ ಅಕ್ಕಾ," ಅನ್ನುತ್ತಾನೆ.